ಕೊನೆಯ ಸಾಲಿಗೆ ಕೇಳುವಂತೆ

ಹೊಸಬರಿಗೆ ಅಕ್ಕ ಹೇಳುವ ಮಾತು ಪ್ರತಿ ವರ್ಷವೂ ಪ್ಲಗ್ಗಿನಿಂದಲೇ ಶುರು. ನಿಮ್ಮೂರಿನ ಪ್ಲಗ್ಗು ಇಲ್ಲಿನ ಗೋಡೆಗೆ ಹೊಂದುವುದಿಲ್ಲ. ಅಡಾಪ್ಟರು ಮೂಲೆಯಂಗಡಿಯಲ್ಲಿ ಸಿಗುತ್ತದೆ. ಎರಡು ತೆಗೆದುಕೊಳ್ಳಿ, ಒಂದನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಹೌದು, ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನಲ್ಲೂ. ಇಲ್ಲಿ ಹೊಸಬರು ನಗುತ್ತಾರೆಂದು ಅಕ್ಕನಿಗೆ ಗೊತ್ತು. ಅವರು ನಗುವಷ್ಟು ಹೊತ್ತು ಕನ್ನಡಕ ಒರೆಸಿಕೊಂಡು ಮುಂದಿನ ವಿಷಯಕ್ಕೆ ಹೋಗುತ್ತಾಳೆ.

ದೈವಶಾಸ್ತ್ರ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಎಂದರೆ ಅಕ್ಕನೇ. ಅಲ್ಲಿ ಒಂದು ಮೇಜು, ಕೆಮ್ಮುವ ಒಂದು ಪ್ರಿಂಟರು, ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ, ಈಚೆ ಅವಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಅವಳಿಗಿಂತ ಎಷ್ಟೋ ವರ್ಷ ದೊಡ್ಡವರಾದ ಪ್ರಾಂಶುಪಾಲರೂ ಹಾಗೇ ಕರೆಯುವುದರಿಂದ, ಹೊಸದಾಗಿ ಬಂದವರು ಅದನ್ನು ಹುದ್ದೆಯ ಹೆಸರೆಂದು ತಿಳಿಯುವುದೂ ಉಂಟು.

ಹೊಸಬರಿಗೆ ಕೊಡುವ ಮಾಹಿತಿ ಪುಸ್ತಿಕೆಯನ್ನು ಬರೆದವಳೂ ಅವಳೇ. ಅದರಲ್ಲಿ ಸುಮ್ಮನೆ ಸೇರಿದ ಸಾಲು ಒಂದೂ ಇಲ್ಲ, ಪ್ರತಿಯೊಂದರ ಹಿಂದೆ ಯಾರೋ ಒಬ್ಬರು ಪೆಟ್ಟು ತಿಂದಿದ್ದಾರೆ. ‘ಹೀಟರಿನ ಮೇಲೆ ಬಟ್ಟೆ ಒಣಗಿಸಬೇಡಿ’ ಎಂಬುದರ ಹಿಂದೆ ಬೆನ್ನಿನ ಮೇಲೆ ಕಂದು ಗೆರೆಗಳಿರುವ ನಿಲುವಂಗಿ ತೊಟ್ಟು ಪದವಿ ಪಡೆದವನೊಬ್ಬನಿದ್ದಾನೆ. ‘ಭಾನುವಾರ ಬೆಳಿಗ್ಗೆ ಬಸ್ಸು ಇರುವುದಿಲ್ಲ’ ಎಂಬುದರ ಹಿಂದೆ, ಚರ್ಚಿನಲ್ಲಿ ತನ್ನ ಮೊದಲ ಪ್ರಸಂಗ ಮಾಡಲು ನಡೆದೇ ಹೋಗಿ ಎಲ್ಲರೂ ಮನೆಗೆ ಹೊರಟ ಮೇಲೆ ತಲುಪಿದವನು. ‘ಪರ್ಮಿಟ್ ಕಾರ್ಡು ಕೈಗೆ ಬರುವ ತನಕ ದೇಶ ಬಿಟ್ಟು ಹೋಗಬೇಡಿ, ಹೋದರೆ ವಾಪಸು ಬರಲಾಗುವುದಿಲ್ಲ’ ಎಂಬುದು ದಪ್ಪ ಅಕ್ಷರದಲ್ಲಿದೆ. ತಂಗಿಯ ಮದುವೆಗೆಂದು ಹೋದ ಹುಡುಗಿಯೊಬ್ಬಳ ಸೂಟ್‌ಕೇಸು ಕೆಳಗಿನ ಸ್ಟೋರಿನಲ್ಲಿ ಇನ್ನೂ ಇದೆ. ಅವಳು ಈಗ ಎಲ್ಲೋ ಟೈಪಿಂಗ್ ಕಲಿಸುತ್ತಾಳಂತೆ.

ಆ ವರ್ಷ ಹೊಸಬರಲ್ಲಿ ನಲವತ್ತರ ಆಸುಪಾಸಿನವನೊಬ್ಬನಿದ್ದ. ದಪ್ಪ ಅಕ್ಷರದ ಸಾಲಿಗೆ ಬಂದಾಗ ಕೈಯೆತ್ತಿದ.

“ಕಾರ್ಡು ಯಾವಾಗ ಬರತ್ತೆ ಅಕ್ಕ?”

“ಬಂದಾಗ ಬರತ್ತೆ.”

“ಸರಿ ಬಿಡಿ. ನಾನೂ ಪ್ಯಾಸೆಂಜರ್‌ಗಳಿಗೆ ಇದನ್ನೇ ಹೇಳ್ತಿದ್ದೆ.”

ಅವನು ಬಸ್ಸು ಓಡಿಸುತ್ತಿದ್ದವನು. ಅವತ್ತಿನಿಂದ ಕಾಲೇಜಿನಲ್ಲಿ ಡ್ರೈವರ್ ಎಂದೇ ಹೆಸರಾದ. ಹೊಸ ಜಾಗದ ದಣಿವಿನಲ್ಲೂ ಬಾಗಿಲಲ್ಲಿ ನಿಂತು ಎಲ್ಲರೂ ಹತ್ತಿದರಾ ಎಂದು ನೋಡುವವನ ಹಾಗೆ, ಊಟದ ಮನೆಯಲ್ಲಿ ಕೊನೆಯವನು ತಟ್ಟೆ ಹಿಡಿಯುವ ತನಕ ತಾನು ಕೂರುತ್ತಿರಲಿಲ್ಲ.

ಅವನ ನಿಲುವಂಗಿಯೂ ಕಾಲೇಜಿಗೆ ಒಂದು ತಮಾಷೆಯಾಗಿತ್ತು. ತೋಳು ಬೆರಳ ತುದಿ ದಾಟಿ ಇಳಿಯುತ್ತಿತ್ತು. ಹೊಲಿದದ್ದು ಅವನ ಅಪ್ಪ, ಬೀದಿಯ ದರ್ಜಿ.

“ಕಣ್ಣು ಮಂಜಾಗಿದೆಯಾ ನಿಮ್ಮಪ್ಪಂಗೆ?” ಎಂದು ಒಂದು ಸಲ ಅಕ್ಕ ಕೇಳಿದ್ದಳು.

“ಇಲ್ಲ ಅಕ್ಕ, ಬೇಕಂತಲೇ ಬಿಟ್ಟಿದ್ದು. ನಾನು ಬೆಳೀತೀನಂತೆ.” ಅವನು ಅಂಗಿಯನ್ನು ಬಿಡಿಸಿ ಒಳಗಡೆ, ಎದೆಯ ಎಡಕ್ಕೆ ಹೊಲಿದಿದ್ದ ಜೇಬನ್ನು ತೋರಿಸಿದ. “ನೋಡಿ, ಒಳಜೇಬು. ಪಾದ್ರಿ ಅಂಗಿಗೆ ಯಾರಾದ್ರೂ ಒಳಜೇಬು ಇಡ್ತಾರಾ? ಇಪ್ಪತ್ತು ವರ್ಷ ನನ್ನ ಖಾಕಿ ಅಂಗಿ ಹೊಲಿದು ಹೊಲಿದು ಕೈ ಅಲ್ಲಿಗೇ ಹೋಗತ್ತೆ ಅವ್ರಿಗೆ.”

ಬಸ್ಸು ಬಿಟ್ಟು ಈ ವಯಸ್ಸಿನಲ್ಲಿ ಪಾದ್ರಿಯಾಗಲು ಹೊರಟ ಮಗನನ್ನು ಮನೆಯಲ್ಲಿ ಎಲ್ಲರೂ ಬೈದರಂತೆ, ದರ್ಜಿ ಮಾತ್ರ ಬೈಯಲಿಲ್ಲವಂತೆ. ಹೋಗು, ಹೋಗಿ ಬಂದು ನನ್ನ ಮಣ್ಣು ನೀನೇ ಮಾಡು, ಎಂದರಂತೆ. ಅದಕ್ಕೆ ಡ್ರೈವರ್, ಅಷ್ಟು ಅವಸರ ಏನಿದೆ, ಕೋರ್ಸು ಮುಗೀಲಿ ತಡಿಯಪ್ಪ, ಎಂದಿದ್ದನಂತೆ.

*

ಅಕ್ಕನಿಗೆ ಕಾಲೇಜಿನಲ್ಲಿ ಇನ್ನೊಂದು ಕೆಲಸವಿತ್ತು, ನೇಮಕಾತಿ ಪತ್ರದಲ್ಲಿ ಇಲ್ಲದ್ದು. ವರ್ಷಕ್ಕೊಮ್ಮೆ ಅವಳು ವಿಧವೆಯಾಗುತ್ತಿದ್ದಳು.

ಮೊದಲ ವರ್ಷದವರಿಗೆ ಪ್ರಾಯೋಗಿಕ ತರಗತಿಗಳು. ಗೊಂಬೆಗೆ ದೀಕ್ಷಾಸ್ನಾನ ಮಾಡಿಸುವ ವಾರ, ಒಬ್ಬರಿಗೊಬ್ಬರು ಮದುವೆ ಮಾಡಿಸುವ ವಾರ, ಕೊನೆಗೆ ಶವಸಂಸ್ಕಾರ. ಇದಕ್ಕೆ ಹುಡುಗರು ಇಟ್ಟ ಹೆಸರು ಮಣ್ಣಿನ ವಾರ. ದೊಡ್ಡ ಹಾಲಿನಲ್ಲಿ ಎರಡು ಉದ್ದ ಮೇಜುಗಳನ್ನು ನಡುವೆ ಜಾಗ ಬಿಟ್ಟು ಇಡುತ್ತಾರೆ, ಅದು ಸಮಾಧಿಯ ಗುಂಡಿ. ಕೆಳಗೆ ಕಸರತ್ತಿನ ಕೋಣೆಯ ಹಳೆಯ ಚಾಪೆ. ಪ್ಲೈವುಡ್ಡಿನ ಶವಪೆಟ್ಟಿಗೆಯ ತುಂಬ ಭಾರಕ್ಕೆಂದು ಗ್ರಂಥಾಲಯ ಹೊರಹಾಕಿದ ಹಳೆಯ ವ್ಯಾಖ್ಯಾನ ಗ್ರಂಥಗಳು. ಅಂತೂ ಆ ಪುಸ್ತಕಗಳು ಯಾರದಾದರೂ ಹೆಗಲಿಗೆ ಬಂದವು ಎಂಬುದು ಪ್ರತಿ ತಂಡವೂ ತಾನೇ ಮೊದಲು ಕಂಡುಹಿಡಿದೆನೆಂದು ತಿಳಿದುಕೊಳ್ಳುವ ನಗೆಚಾಟಿಕೆ.

ಶೋಕಿಸುವವರು ಬೇಕಲ್ಲ. ಕಚೇರಿಯವರನ್ನು ಕರೆಯುತ್ತಾರೆ. ಅಕ್ಕ ಕಪ್ಪು ಶಾಲು ಹೊದ್ದು ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ. ಎಷ್ಟು ಗಂಡಂದಿರನ್ನು ಹೂಳಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಮನೆಯಲ್ಲಿದ್ದ ನಿಜವಾದ ಗಂಡ ಮಾತ್ರ ಗಟ್ಟಿಮುಟ್ಟಾಗಿದ್ದ. ಅದೇ ಹೊತ್ತಿಗೆ ಫೋನು ಮಾಡಿ, ಲೇ, ನನ್ನ ಸಾಕ್ಸು ಎಲ್ಲಿಟ್ಟಿದೀಯ, ಎಂದು ಕೇಳುತ್ತಿದ್ದ.

ಈ ತರಗತಿಯನ್ನು ನಡೆಸುತ್ತಿದ್ದವರು ಗಂಟಲು ಮೇಷ್ಟ್ರು. ಕಂಚಿನ ಕಂಠ. ಜೇಬಿನ ತುಂಬ ಗಂಟಲಿನ ಗುಳಿಗೆ. ದೈವಶಾಸ್ತ್ರ ಏನೇ ಇರಲಿ, ಕೊನೆಯ ಸಾಲಿನಲ್ಲಿ ಕೂತ ಮುದುಕಿಗೆ ಕೇಳಿಸದಿದ್ದರೆ ನೀವು ಏನನ್ನೂ ಹೇಳಲಿಲ್ಲ ಅಂತಲೇ ಅರ್ಥ, ಎಂಬುದು ಅವರ ಸಿದ್ಧಾಂತ. ಕೆಟ್ಟವರಲ್ಲ. ಆದರೆ ಮಣ್ಣಿನ ವಾರದಲ್ಲಿ ಹೆದರಿ ನೆಪ ಹೇಳಿ ತಪ್ಪಿಸಿಕೊಂಡವರನ್ನು ವರ್ಷಗಟ್ಟಲೆ ನೋಡಿ ನೋಡಿ, ಅವರ ಕಿವಿ ಒಂದು ಬಗೆಯ ಮಾತಿಗೆ ಜಡವಾಗಿತ್ತು.

*

ಮಣ್ಣಿನ ವಾರದ ಬುಧವಾರ ಬೆಳಿಗ್ಗೆ ಡ್ರೈವರ್ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಹಾಸ್ಟೆಲಿನ ಬಿಸಿನೀರು ಮತ್ತೆ ಕೈಕೊಟ್ಟಿರಬೇಕು ಎಂದುಕೊಂಡ ಅಕ್ಕ ತಲೆಯೆತ್ತದೆ, “ಪ್ಲಂಬರ್‌ಗೆ ಹೇಳಿದೀನಿ ಮಾರಾಯಾ” ಎಂದಳು.

“ಅದಲ್ಲ ಅಕ್ಕ. ಅಪ್ಪ ಹೋದ್ರು.”

ಅವಳು ಎದ್ದು ಕುರ್ಚಿ ಎಳೆದಳು, ನೀರು ಕೊಟ್ಟಳು. ಇದಕ್ಕೂ ಅವಳಲ್ಲಿ ಒಂದು ಕ್ರಮವಿತ್ತು, ದೂರದಿಂದ ಬಂದವರಿಗೆ ಸುದ್ದಿಗಳೂ ದೂರದಿಂದಲೇ ಬರುತ್ತವೆ. ಅವನು ನೀರು ಕುಡಿಯಲಿಲ್ಲ.

“ಕಾರ್ಡು ಬಂತಾ?”

ಬಂದಿರಲಿಲ್ಲ. ಆದರೂ ಅವಳು ಪರ್ಮಿಟ್ ಕಚೇರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಬಹಳ ಹೊತ್ತು ಕಾಯಿಸುವ ಪಿಯಾನೋ ಬಾರಿಸಿತು. ಆಮೇಲೆ ಒಬ್ಬ ಹುಡುಗ, ಅರ್ಜಿ ಪರಿಶೀಲನೆಯಲ್ಲಿದೆ ಮೇಡಂ, ಎಂದ. ಸಾವಿನ ವಿಷಯ ಹೇಳಿದಳು. ಅವನು ನಿಜವಾಗಿಯೂ ಮೆತ್ತಗಿನ ದನಿಯಲ್ಲಿ, ಅಯ್ಯೋ ಪಾಪ, ಎಂದು, ಅರ್ಜಿ ಪರಿಶೀಲನೆಯಲ್ಲಿದೆ ಎಂದ.

ಅಕ್ಕನಿಗೆ ಏನನ್ನಾದರೂ ಹೇಳಬೇಕಿತ್ತು. ಪುಸ್ತಿಕೆಯ ದಪ್ಪ ಅಕ್ಷರ ಮೇಜಿನ ಮೇಲೆ ತೆರೆದೇ ಇತ್ತು. “ಹೋಗ್ಬೇಡ ಅಂತ ನಾನು ಹೇಳಲ್ಲ,” ಎಂದಳು. “ಹೋದ್ರೆ ಬರೋಕಾಗಲ್ಲ ಅಂತ ಮಾತ್ರ ಹೇಳ್ತೀನಿ.”

“ಗೊತ್ತು. ಅಮ್ಮನೂ ಅದೇ ಹೇಳಿದ್ಳು. ಬಂದ್ಬಿಟ್ರೆ ನಿಮ್ಮಪ್ಪ ನಿನ್ನನ್ನ ಕಳ್ಸಿದ್ದೇ ದಂಡ ಆಗತ್ತೆ ಅಂತ.” ಅವನು ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. “ಅಲ್ಲಿ ಮಣ್ಣು ಮಾಡಿಸೋಕೆ ಯಾರೂ ಇಲ್ಲ ಅಕ್ಕ. ನಮ್ಮ ಪಾದ್ರಿಗಳು ಸ್ಕೂಟರಿಂದ ಬಿದ್ದು ಆಸ್ಪತ್ರೆಲಿದಾರೆ. ಅಣ್ಣ ಅಂತಾನೆ, ನೀನೇ ಫೋನಲ್ಲಿ ಮಾಡಿಸ್ಬಿಡು, ಅಪ್ಪಂಗೂ ಅದೇ ಬೇಕಿತ್ತು ಅಂತ.”

“ಮಾಡು ಮತ್ತೆ. ಇದೇ ರೂಮಲ್ಲಿ ಕೂತು ಮಾಡು. ನಾನು ಬಾಗಿಲು ಹಾಕ್ಕೊಂಡು ಹೊರಗೆ ನಿಂತಿರ್ತೀನಿ. ಯಾವಾಗ?”

“ನಾಳೆ. ಅಲ್ಲಿ ಹೊತ್ತು ಮುಳುಗೋದ್ರೊಳಗೆ. ಅಂದ್ರೆ ಇಲ್ಲಿ…” ಅವನು ಒಂದು ಬಗೆಯಾಗಿ ನಕ್ಕ. “ಇಲ್ಲಿ ನನ್ನ ಪ್ರಾಕ್ಟಿಕಲ್ ಹೊತ್ತಿಗೆ.”

“ಅದಕ್ಕೇನಂತೆ, ಮೇಷ್ಟ್ರಿಗೆ ಹೇಳಿದ್ರೆ ಮುಂದಕ್ಕೆ ಹಾಕ್ತಾರೆ.”

“ಹೇಳ್ದೆ. ಅಪ್ಪ ತೀರಿಕೊಂಡ್ರು ಸರ್, ನನ್ನ ಸರದಿ ಬದಲಾಯಿಸ್ತೀರಾ ಅಂದೆ. ಏನಪ್ಪಾ, ಸೀದಾ ಅಪ್ಪನಿಗೇ ಕೈ ಹಾಕಿಬಿಟ್ಯಲ್ಲ, ಎಲ್ರೂ ಅಜ್ಜಿಯಿಂದ ಶುರು ಮಾಡ್ತಾರೆ, ಅಂತ ಬೆನ್ನು ತಟ್ಟಿ ಹೋದ್ರು.”

ಅಕ್ಕ ಧಡಕ್ಕನೆ ಎದ್ದಳು. “ಎಲ್ಲಿದಾರೆ ಅವರು? ಬಾ ನನ್ ಜೊತೆ.”

“ಬೇಡ ಅಕ್ಕ, ಕೂತ್ಕೊಳ್ಳಿ.” ಅವನು ಏಳಲಿಲ್ಲ. “ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡ್ದೆ. ಖಾಲಿ ರೂಮಲ್ಲಿ ಕೂತು ಫೋನಿಗೆ ಪ್ರಾರ್ಥನೆ ಹೇಳೋಕೆ ನನಗೆ ಬರಲ್ಲ. ನಾನು ಇನ್ನೂ ಯಾರಿಗೂ ಮಾಡಿಸಿಲ್ಲ. ಹಾಲಲ್ಲಿ ಆದ್ರೆ ಪೆಟ್ಟಿಗೆ ಇರತ್ತೆ, ಹಗ್ಗ ಇರತ್ತೆ, ನಾಲ್ಕು ಜನ ಇರ್ತಾರೆ. ಅಂಗಿ ಹಾಕ್ಕೊಂಡಿರ್ತೀನಿ. ಫೋನು ಒಳಜೇಬಲ್ಲಿ ಇರತ್ತೆ. ನಾನಿಲ್ಲಿ ಹೇಳಿದ್ದು ಅವರಿಗಲ್ಲಿ ಕೇಳಿದ್ರೆ ಸಾಕು.”

“ಇದು ಕ್ಲಾಸು ಅಂತ ನಿಮ್ಮಣ್ಣಂಗೆ ಹೇಳಿದ್ಯಾ?”

“ಇಲ್ಲೆಲ್ಲಾ ಸೇರಿರ್ತಾರೆ ಅಂದೆ. ಫೋನು ಪೆಟ್ಟಿಗೆ ಪಕ್ಕ ಇಡಿ, ಯಾರೂ ಮಾತಾಡ್ಬೇಡಿ, ನಾನು ಹೇಳಿದ ಹಾಗೆ ಮಾಡ್ಕೊಂಡು ಹೋಗಿ ಅಂದೆ.” ಎದ್ದು ಬಾಗಿಲ ತನಕ ಹೋಗಿ ತಿರುಗಿ, “ನೀವೂ ಇರ್ತೀರಲ್ಲ ಅಕ್ಕ ನಾಳೆ?” ಎಂದ.

“ಇರದೆ ಎಲ್ಲಿ ಹೋಗ್ಲಿ,” ಎಂದಳು ಅಕ್ಕ. “ನಾನೇ ತಾನೆ ಹೆಂಡತಿ.”

*

ಗುರುವಾರ ಹಾಲಿನ ಹೀಟರು ಕೆಟ್ಟಿತ್ತು. ಎಲ್ಲರೂ ನಿಲುವಂಗಿಯೊಳಗೆ ಸ್ವೆಟರು ಹಾಕಿಕೊಂಡು ಗುಂಡು ಗುಂಡಾಗಿ ಕಾಣುತ್ತಿದ್ದರು. ಹಗ್ಗ ಹಿಡಿಯಲು ನಾಲ್ವರು ಸಹಪಾಠಿಗಳು. ಸತ್ತವನ ವಿವರ ಹೇಳುವ ಚೀಟಿಯನ್ನು ಗಂಟಲು ಮೇಷ್ಟ್ರು ಗಟ್ಟಿಯಾಗಿ ಓದಿದರು: ನಿವೃತ್ತ ಪೋಸ್ಟ್‌ಮಾಸ್ಟರು, ಗುಲಾಬಿ ಗಿಡಗಳೆಂದರೆ ಪ್ರಾಣ, ಹೆಂಡತಿಯೊಬ್ಬಳೇ ಉಳಿದಿದ್ದಾಳೆ, ಮಕ್ಕಳಿಲ್ಲ. ಅಕ್ಕ ಶಾಲು ಸರಿಮಾಡಿಕೊಂಡು ತನ್ನ ಕುರ್ಚಿಯಲ್ಲಿ ಕೂತಳು. ಕಾಲು ತಣ್ಣಗಾಗಿತ್ತು. ಕೊನೆಯ ಸಾಲಿನಲ್ಲಿ ಒಬ್ಬನನ್ನು ಕಿವಿಗೊಟ್ಟು ಕೇಳಲೆಂದೇ ಕೂರಿಸಿದ್ದರು.

ಡ್ರೈವರ್ ಬಂದು ಪೆಟ್ಟಿಗೆಯ ತಲೆಯ ಕಡೆ ನಿಂತ. ತೋಳುಗಳನ್ನು ಎರಡು ಮಡಿಕೆ ಮಡಚಿದ್ದ. ಪುಸ್ತಕ ತೆರೆಯುವ ಮುಂಚೆ ಎದೆಯ ಎಡಗಡೆ ಒಮ್ಮೆ ಮುಟ್ಟಿಕೊಂಡ. ಬೇರೆಯವರು ಅದನ್ನು ಭಕ್ತಿ ಎಂದುಕೊಂಡಿರಬೇಕು.

ಶುರು ಮಾಡಿದ. ಓದಿದ. ದನಿ ಬಾಯಿಂದ ಹೊರಟು ಪುಸ್ತಕದ ಮೇಲೇ ಬೀಳುತ್ತಿತ್ತು. ಸನ್ನೆ ಮಾಡಿದಾಗ ನಾಲ್ವರೂ ಹಗ್ಗ ಸಡಿಲಿಸಿದರು, ಪೆಟ್ಟಿಗೆ ಮೇಜುಗಳ ನಡುವೆ ಇಳಿಯತೊಡಗಿತು.

“ನಿಲ್ಸಿ!” ಗಂಟಲು ಮೇಷ್ಟ್ರ ದನಿಗೆ ಕಿಟಕಿಯ ಗಾಜು ಗುಂಯ್ ಎಂದಿತು. “ಹಿಂದಿರೋನು, ಕೇಳಿಸ್ತೇನಪ್ಪ ನಿಂಗೆ?”

“ಇಲ್ಲ ಸರ್.”

“ಕೇಳಿಸ್ಲಿಲ್ಲವಂತೆ. ಯಾರಿಗೂ ಕೇಳಿಸದೆ ಹೂತ್ರೆ ಅದು ಹೂಳೋದಲ್ಲ, ಬಚ್ಚಿಡೋದು. ಹೊಟ್ಟೆಯಿಂದ ತೆಗಿ ದನೀನ. ಹಗ್ಗದೋರು, ತಲೆ ಕಡೆ ಜಾಸ್ತಿ ಬಿಟ್ಟಿದೀರ ನೋಡಿ, ಜಾರ್ತಾ ಇದೆ. ಸಮ ಇರ್ಲಿ, ಸಮ. ಹಾಂ, ಮೇಲಕ್ಕೆತ್ತಿ. ಮೊದಲಿಂದ.”

ನಾಲ್ವರು ಗೊಣಗುತ್ತಾ ಎತ್ತಿದರು. ಪೆಟ್ಟಿಗೆಯೊಳಗೆ ವ್ಯಾಖ್ಯಾನ ಗ್ರಂಥಗಳು ಜರುಗಿ ದಡಬಡ ಎಂದವು. ಯಾರೋ ಕಿಸಕ್ಕೆಂದರು.

ಆಗ ಅಕ್ಕನಿಗೆ ಬೇರೊಂದು ದನಿ ಕೇಳಿತು. ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ, ಬಹಳ ಸಣ್ಣಗೆ, ಡ್ರೈವರನ ಎದೆಯೊಳಗಿಂದ. ಗಂಡಸಿನ ದನಿ. “ಎತ್ರೋ, ಎತ್ರೋ ಮೇಲಕ್ಕೆ! ಮೊದಲಿಂದ ಅಂತೆ. ಲೋ, ತಲೆ ಕಡೆಯೋನೇ, ಬಿಗಿ ಹಿಡ್ಕೊಳ್ಳೋ, ಹೇಳ್ತಿಲ್ವಾ ಅವ್ರು!”

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಹೇಳಿದ ಹಾಗೆ ಮಾಡಿಕೊಂಡು ಹೋಗಿ ಎಂದು ಹೇಳಿದ್ದನಲ್ಲ, ಅಲ್ಲಿಯೂ ಎತ್ತುತ್ತಿದ್ದರು. ಅಲ್ಲಿಯ ಪೆಟ್ಟಿಗೆಯಲ್ಲಿ ಪುಸ್ತಕ ಇರಲಿಲ್ಲ.

ಅವಳು ಡ್ರೈವರನ ಮುಖ ನೋಡಿದಳು. ಅವನಿಗೂ ಕೇಳಿತ್ತು. ಮೇಷ್ಟ್ರಿಗೆ ಹೇಳಿಬಿಡಲಾ ಎಂದು ಅವಳು ಕುರ್ಚಿಯ ತೋಳು ಹಿಡಿದು ಅರ್ಧ ಎದ್ದಳು. ಅವನು ಕಣ್ಣಿನಲ್ಲೇ ಬೇಡ ಎಂದ. ಈಗ ನಿಲ್ಲಿಸಿದರೆ ಅಲ್ಲಿ ಹಗ್ಗ ಹಿಡಿದವರು ಹಾಗೇ ನಿಂತುಬಿಡುತ್ತಾರೆ, ಹೊತ್ತು ಮುಳುಗುತ್ತದೆ. ಅವಳು ಕೂತಳು.

ಎರಡನೇ ಸಲ ಡ್ರೈವರನ ದನಿ ಎದ್ದಿತು. ಹಳೆಯ ಬಸ್ಸಿನ ಗದ್ದಲ ದಾಟಿ ಹಿಂದಿನ ಸೀಟಿಗೆ ಕೂಗುತ್ತಿದ್ದವನ ದನಿ, ಬೇಕೆಂದರೆ ಬರುತ್ತಿತ್ತು. ಓದು ಮುಗಿಸಿ ಪುಸ್ತಕ ಮುಚ್ಚಿ, ಮೃತನನ್ನು ಕುರಿತು ನಾಲ್ಕು ಮಾತು ಆಡುವ ಜಾಗಕ್ಕೆ ಬಂದ. ಪೆಟ್ಟಿಗೆ ನಿಧಾನವಾಗಿ ಇಳಿಯುತ್ತಿತ್ತು, ಸಮವಾಗಿ.

“ನಮ್ಮ ತಂದೆ,” ಎಂದ ಅವನು. “ನಮ್ಮ ತಂದೆ ಯಾರ ಅಳತೆಯನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಸಲ ನೋಡಿದರೆ…” ಅಲ್ಲಿಗೆ ದನಿ ಒಡೆಯಿತು.

“ನಿಲ್ಸು, ನಿಲ್ಸು. ಯಾರ ತಂದೆ?” ಗಂಟಲು ಮೇಷ್ಟ್ರು ಚೀಟಿಯನ್ನು ಮತ್ತೆ ನೋಡಿದರು. “ಮಕ್ಕಳಿಲ್ಲ ಅಂತ ಬರ್ದಿದೀನಿ ಇಲ್ಲಿ. ನಟನೆ ಬೇಡಪ್ಪ ನಂಗೆ.” ಅವರು ಎದ್ದು ಪೆಟ್ಟಿಗೆಯ ಹತ್ತಿರ ಬಂದರು. ಮಾತು ಈಗ ಬೈಗುಳವಾಗಿರಲಿಲ್ಲ. ಬಹಳ ವರ್ಷ ಹೇಳಿ ಸವೆದ ಮಾತನ್ನು ಇನ್ನೊಮ್ಮೆ ಹೇಳುವ ಸುಸ್ತು ಅದರಲ್ಲಿತ್ತು. “ನೋಡು. ಇದನ್ನೊಂದು ತಿಳ್ಕೋ. ಈ ಅಂಗಿ ಹಾಕ್ಕೊಂಡು ಇಲ್ಲಿ ನಿಂತ ಮೇಲೆ ನೀನು ಮಗ ಅಲ್ಲ. ಪಾದ್ರಿ. ಸತ್ತೋನು ನಿನ್ನ ಸ್ವಂತ ಅಪ್ಪನೇ ಆಗಿದ್ರೂ ನೀನು ಮಗ ಅಲ್ಲ. ಮಗ ಅಳಬಹುದು, ಮಾತು ಮರೀಬಹುದು, ಬಿದ್ದು ಹೊರಳಾಡಬಹುದು. ನಿನಗೆ ಆ ಪುಣ್ಯ ಇಲ್ಲ. ನೀನೂ ಅತ್ರೆ ಅವನನ್ನ ಕಳ್ಸಿಕೊಡೋರು ಯಾರು? ಅಳೋಕೆ ಇವರಿದಾರೆ.” ಅಕ್ಕನ ಕಡೆ ಕೈ ತೋರಿಸಿದರು. “ಅವರಿಗೂ ಬರಲ್ಲ, ಅದು ಬೇರೆ ಮಾತು. ಎತ್ತಿ. ಕೊನೇ ಸಲ. ಮೊದಲಿಂದ.”

ಹಾಲು ನಿಶ್ಶಬ್ದವಾಯಿತು. ಹಗ್ಗದವರು ಅಂಗೈ ಒರೆಸಿಕೊಂಡರು. ಆ ನಿಶ್ಶಬ್ದದಲ್ಲಿ ಒಳಜೇಬಿನ ದನಿ ಬಂದರೆ ಎಲ್ಲರಿಗೂ ಕೇಳುತ್ತದೆ ಎಂದು ಅಕ್ಕನಿಗೆ ಹೊಳೆಯುವಷ್ಟರಲ್ಲಿ ಅದು ಬಂದೇ ಬಿಟ್ಟಿತು. ಈ ಸಲ ಹೆಂಗಸಿನ ಅಳು. ಮುದುಕಿಯ ಅಳು, ಒಂದೇ ಎಳೆ. ಅದರ ಹಿಂದೆ, “ಎತ್ರಪ್ಪಾ…” ಎಂಬ ಗಂಡಸಿನ ದನಿ. ಹಗ್ಗ ಹಿಡಿದ ಒಬ್ಬ ಹುಡುಗ ಕತ್ತು ತಿರುಗಿಸಿ ಡ್ರೈವರನನ್ನು ನೋಡಿದ.

ಅಕ್ಕ ಅತ್ತಳು.

ಅದನ್ನು ಮುಚ್ಚಲೆಂದು ಶುರು ಮಾಡಿದಳು. ಬಾಯಿಗೆ ಶಾಲು ಅಡ್ಡ ಹಿಡಿಯದೆ, ಎದೆ ಬಡಿದುಕೊಂಡು, ಹಾಲಿನ ಆ ಕಡೆಯ ಕಪಾಟಿಗೆ ತಾಗುವ ಹಾಗೆ ಅತ್ತಳು. ಎಷ್ಟೋ ಪ್ಲೈವುಡ್ ಗಂಡಂದಿರಿಗೆ ಒಂದು ಹನಿ ಹಾಕದವಳಿಗೆ, ಶುರು ಮಾಡಿದ್ದನ್ನು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಸ್ಟೋರಿನ ಸೂಟ್‌ಕೇಸು ನೆನಪಾಯಿತು, ಪಿಯಾನೋ ನೆನಪಾಯಿತು. ಅಯ್ಯೋ ಪಾಪ ಎಂದ ಆ ಹುಡುಗ ನೆನಪಾದ. ಮೂಗು ಸುರಿಯಿತು. ಒಳಜೇಬಿನ ಮುದುಕಿ ಮತ್ತು ಅವಳು ಒಟ್ಟಿಗೆ ಅತ್ತು, ಯಾರ ಅಳು ಯಾವುದೆಂದು ಹಾಲಿನಲ್ಲಿ ಯಾರಿಗೂ ತಿಳಿಯದೆ ಹೋಯಿತು.

ಗಂಟಲು ಮೇಷ್ಟ್ರು ಕೈಕಟ್ಟಿ ನಿಂತು ನೋಡುತ್ತಿದ್ದರು. ತಲೆದೂಗಿದರು.

ಆ ಅಳುವಿನ ಮೇಲೆಯೇ ಡ್ರೈವರ್ ಮೂರನೇ ಸಲ ಶುರು ಮಾಡಿದ. ಈ ಸಲ ಅವನು ಯಾರ ಮುಖವನ್ನೂ ನೋಡಲಿಲ್ಲ. ದನಿ ದೊಡ್ಡದಾಗಿರಲಿಲ್ಲ, ಆದರೆ ನೇರವಾಗಿತ್ತು, ಗೇರು ಬದಲಿಸಿ ಏರಿಗೆ ಬಿದ್ದ ಬಸ್ಸಿನ ಹಾಗೆ, ಅವಸರವಿಲ್ಲದೆ ಏರುತ್ತಿತ್ತು. ನಮ್ಮ ಸಹೋದರ, ಎಂದ ಪೆಟ್ಟಿಗೆಗೆ. ಅಪ್ಪನನ್ನು ಸಹೋದರ ಎಂದ. ನಮ್ಮ ಈ ಸಹೋದರನು ಕಣ್ಣಿನಲ್ಲೇ ಅಳತೆ ತೆಗೆಯಬಲ್ಲವನಾಗಿದ್ದನು. ಅವನು ಯಾರಿಗೂ ಬಿಗಿಯಾಗುವಂತೆ ಹೊಲಿಯಲಿಲ್ಲ, ಎಂದ. ಪೋಸ್ಟ್‌ಮಾಸ್ಟರು ಹೊಲಿಯುತ್ತಿದ್ದ ಸಂಗತಿ ಚೀಟಿಯಲ್ಲಿ ಇರಲಿಲ್ಲ. ಮೇಷ್ಟ್ರು ಒಮ್ಮೆ ಹುಬ್ಬೇರಿಸಿ ಸುಮ್ಮನಾದರು.

ಪೆಟ್ಟಿಗೆ ಇಳಿಯಿತು. ಚಾಪೆಗೆ ತಾಗಿತು. ಅವನು ಮಡಚಿದ ತೋಳು ಬಿಚ್ಚಿ ಜಾರಿದ್ದನ್ನೂ ಗಮನಿಸದೆ, ಬಕೆಟ್ಟಿನಿಂದ ಒಂದು ಹಿಡಿ ಮರಳು ತೆಗೆದು ಪ್ಲೈವುಡ್ಡಿನ ಮೇಲೆ ಚೆಲ್ಲಿದ. ಮರಳು ಸರ್ರನೆ ಜಾರಿತು. ಒಂದು ಉಸಿರಿನಷ್ಟು ತಡವಾಗಿ, ಅವನ ಎದೆಯೊಳಗೆ, ಒದ್ದೆ ಮಣ್ಣು ಮರದ ಮೇಲೆ ಬಿದ್ದ ಸದ್ದಾಯಿತು. ಧಪ್. ಆಮೇಲೆ ಇನ್ನೊಂದು. ಆಮೇಲೆ ಬಹಳ.

ಅವನು ಅದು ನಿಲ್ಲುವ ತನಕ ಕಣ್ಣು ಮುಚ್ಚಿ ನಿಂತಿದ್ದ. ಕೊನೆಯ ಸಾಲಿನವನು ಕೇಳದೆಯೇ ಕೈಯೆತ್ತಿ, “ಕೇಳಿಸ್ತು ಸರ್” ಎಂದ.

“ಪರವಾಗಿಲ್ಲ,” ಎಂದರು ಗಂಟಲು ಮೇಷ್ಟ್ರು. “ಮೊದಲೆರಡಕ್ಕೆ ಫೇಲು. ಇದಕ್ಕೆ ಪಾಸು. ಆ ತೋಳಿಗೆ ಒಂದು ಗತಿ ಕಾಣ್ಸಪ್ಪ, ಗುಂಡಿಗೆ ನಿನಗಿಂತ ಮೊದಲು ಅದೇ ಬೀಳತ್ತೆ.” ಆಮೇಲೆ ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ ಅಕ್ಕನಿಗೆ, “ಏನಕ್ಕಾ ಇವತ್ತು? ಇಷ್ಟು ವರ್ಷಕ್ಕೆ ಒಂದು ದಿನ ಗಂಡನ್ನ ಪ್ರೀತಿ ಮಾಡಿದ್ರಿ ನೋಡಿ,” ಎಂದರು.

*

ಹಾಲಿನ ಹೊರಗಿನ ಮೆಟ್ಟಿಲ ಮೇಲೆ ಡ್ರೈವರ್ ಕೂತಿದ್ದ. ಅಕ್ಕ ಪಕ್ಕದಲ್ಲಿ ಕೂತಳು. ಫೋನು ಬಡಿದುಕೊಂಡಿತು. ಅಣ್ಣ. ಅವನಿಗೆ ಅದನ್ನು ಕಿವಿಗೆ ಎತ್ತುವ ಶಕ್ತಿಯೂ ಇದ್ದಂತಿರಲಿಲ್ಲ, ತೊಡೆಯ ಮೇಲೆಯೇ ಇಟ್ಟು ಸ್ಪೀಕರು ಒತ್ತಿದ.

“ಲೋ, ಯಾರೋ ಅವ್ರು?” ಅಣ್ಣ ಏದುಸಿರು ಬಿಡುತ್ತಿದ್ದ.

“ಯಾರು?”

“ಆ ದೊಡ್ಡೋರು! ನಿಲ್ಸಿ ಅಂದ್ರಲ್ಲ, ಹಗ್ಗ ಹಿಡ್ದಿದ್ದೋರು ನಡುಗ್ಹೋದ್ರು. ತಲೆ ಕಡೆ ಜಾರ್ತಿದೆ ಅಂತ ಅವ್ರಿಗೆ ಅಲ್ಲಿಂದ ಹೆಂಗೋ ಗೊತ್ತಾಯ್ತು? ನಿಜವಾಗ್ಲೂ ಜಾರ್ತಿತ್ತು ಕಣೋ! ನಮ್ಮ ಭಾವ ಕೈ ಬಿಟ್ಟೇ ಬಿಡ್ತಿದ್ದ.”

ಡ್ರೈವರ್ ಅಕ್ಕನನ್ನು ನೋಡಿದ. ಅವಳು ಸೈಕಲ್ಲುಗಳನ್ನು ನೋಡಿದಳು.

“ನಮ್ಮ ಮೇಷ್ಟ್ರು,” ಎಂದ.

“ಹೆಗಲು ಬಿದ್ದೋಯ್ತು ಬಿಡು ನಮ್ದು, ಮೂರು ಮೂರು ಸಲ. ಮಾವ ಗೊಣಗ್ತಿದ್ದ. ಅಮ್ಮ ಬೈದ್ಳು, ಇಡೀ ಬೀದೀಲಿ ಯಾರಿಗಾದ್ರೂ ಇಷ್ಟು ಕಟ್ಟುನಿಟ್ಟಾಗಿ ಮಣ್ಣು ಮಾಡಿದ್ದು ನೋಡಿದೀರಾ, ಸುಮ್ನೆ ಎತ್ತಿ, ಅಂತ. ನೀನು ಮಗ ಅಲ್ಲ ಅಂದ್ರಲ್ಲ, ಆಗ ನಾನು ಅಮ್ಮನ ಮುಖ ನೋಡ್ದೆ. ಅಮ್ಮ ಮಾತ್ರ, ಸರಿಯಾಗೇ ಹೇಳಿದ್ರು, ನಿಮ್ಮಪ್ಪಂಗೆ ಬೇಕಿದ್ದಿದ್ದೂ ಪಾದ್ರಿಯೇ ಅಂದ್ಳು.” ಅಣ್ಣ ಆ ಕಡೆ ಯಾರಿಗೋ, ಗುದ್ದಲಿ ಎತ್ತಿಡೋ, ಎಂದ. “ಆಮೇಲೆ, ಅಲ್ಲಿ ಅತ್ತೋರು ಯಾರು? ನಮ್ಮ ಅತ್ತೆ ಅತ್ತಂಗೇ ಇತ್ತು.”

“ನಮ್ಮಕ್ಕ.”

“ಯಾವ ಅಕ್ಕಾನೋ?”

“ಇಲ್ಲಿಯೋರು.”

“ಅವ್ರಿಗೆ ಹೇಳ್ಬಿಡು, ಅಮ್ಮಂಗೆ ಸಮಾಧಾನ ಆಯ್ತು ಅಂತ. ಮೇಷ್ಟ್ರಿಗೂ ಎಲ್ಲಾರ ನಮಸ್ಕಾರ ಹೇಳು. ಮರೀಬೇಡ. ಅಮ್ಮ ಕೇಳ್ತಾಳೆ ಆಮೇಲೆ.”

ಅವನು ಫೋನನ್ನು ಮತ್ತೆ ಒಳಜೇಬಿಗೆ ಹಾಕಿಕೊಂಡ. ಒಳಗೆ ಮುಂದಿನವನು ಪೋಸ್ಟ್‌ಮಾಸ್ಟರನನ್ನು ಹೂಳುತ್ತಿದ್ದ, ಮೇಷ್ಟ್ರು ನಿಲ್ಸಿ ಎನ್ನುತ್ತಿದ್ದರು.

“ನಿಜ ಹೇಳ್ಬೇಕಾ ಅಕ್ಕ ಅವ್ರಿಗೆ? ಕ್ಲಾಸು ಅಂತ?”

“ನಿನ್ನ ಮನಸ್ಸು.”

“ಅಪ್ಪನಿಗೆ ಹೇಳಿದ್ರೆ ನಗ್ತಿದ್ರು.” ಅವನು ಮೊಣಕಾಲಿನ ಮೇಲೆ ತಲೆಯಿಟ್ಟ. “ಮೂರು ಸಲ ಟ್ರಯಲ್ ನೋಡಿದ್ಯಲ್ಲೋ ಅಂತಿದ್ರು.” ಬೆನ್ನು ಅಲುಗತೊಡಗಿತು. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಳು. ಈಗ ಅವನು ಮಗನೇ, ಎಷ್ಟು ಹೊತ್ತು ಬೇಕಾದರೂ ಅಳಬಹುದಿತ್ತು. ಚಳಿಯಾಗುತ್ತಿತ್ತು, ಆದರೆ ಅವಳು ಏಳಲಿಲ್ಲ.

*

ಕಾರ್ಡು ಮುಂದಿನ ವಾರ ಬಂತು. ಹಾಗೇ ಬರುತ್ತದೆ. ಅಕ್ಕ ಲಕೋಟೆಯನ್ನು ಮೇಜಿನ ಮೇಲಿಟ್ಟುಕೊಂಡು, ಕರೆಯಲು ಮನಸ್ಸಾಗದೆ ಒಂದು ಬೆಳಗು ಕಳೆದಳು. ಕೊನೆಗೆ ಚಹಾದ ಬಿಡುವಿನಲ್ಲಿ ಊಟದ ಮನೆಗೆ ತಾನೇ ಒಯ್ದು ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ತನ್ನ ಫೋಟೋ ನೋಡಿದ.

“ಕಳ್ಳನ ಹಾಗೆ ಕಾಣ್ತೀನಿ.”

“ಎಲ್ರೂ ಹಾಗೇ ಕಾಣ್ತಾರೆ. ಈಗ ಬೇಕಾದ್ರೆ ಹೋಗಿ ಬರಬಹುದು ನೀನು.”

“ರಜೆಗೆ ಹೋಗ್ತೀನಿ ಬಿಡಿ ಅಕ್ಕ. ಈಗ ಅಲ್ಲಿ ನನಗೆ ಕೆಲಸ ಇಲ್ಲ.” ಕಾರ್ಡನ್ನು ಅವನು ಒಳಜೇಬಿಗೆ ಹಾಕಿಕೊಂಡ. ನಿಲುವಂಗಿಯ ತೋಳು ಇನ್ನೂ ಹಾಗೇ ಇತ್ತು, ಮಡಚಿಕೊಂಡು, ಕತ್ತರಿ ಕಾಣದೆ.

ಗಂಟಲು ಮೇಷ್ಟ್ರು ಬಿಸಿನೀರಿನ ಪಾತ್ರೆಯ ಹತ್ತಿರ ಒಬ್ಬರೇ ನಿಂತು ಗುಳಿಗೆಯ ಕಾಗದ ಬಿಚ್ಚುತ್ತಿದ್ದರು. ಡ್ರೈವರ್ ಲೋಟ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತ. ನಿಜ ಹೇಳಿಬಿಡುತ್ತಾನೆ ಎಂದುಕೊಂಡಳು ಅಕ್ಕ. ಹೇಳಲಿ ಎಂದೂ, ಬೇಡ ಎಂದೂ ಅನ್ನಿಸಿತು.

“ಸರ್, ನಮ್ಮ ಮನೆಯೋರು ನಿಮಗೆ ನಮಸ್ಕಾರ ಹೇಳಿದಾರೆ.”

“ನನಗಾ? ಯಾಕಪ್ಪ?”

“ಅವತ್ತು ನೀವು ಹೇಳಿಕೊಟ್ರಲ್ಲ, ಅದಕ್ಕೆ.”

“ಓಹೋ. ಮನೆಗೆಲ್ಲಾ ವರದಿ ಒಪ್ಪಿಸ್ತೀಯ?” ಮೇಷ್ಟ್ರು ಗುಳಿಗೆ ಬಾಯಿಗೆ ಹಾಕಿಕೊಂಡರು. ಖುಷಿಯಾಗಿದ್ದನ್ನು ಮುಚ್ಚಿಡಲು ಬರಲಿಲ್ಲ ಅವರಿಗೆ. “ಬೈದಿದ್ದೂ ಹೇಳಿದ್ಯಾ?”

“ಹೇಳೋದೇ ಬೇಕಾಗ್ಲಿಲ್ಲ ಸರ್. ನಿಮ್ಮ ದನಿ ಅಲ್ಲೀತನಕ ಕೇಳಿಸ್ತಂತೆ.”

ಮೇಷ್ಟ್ರು ದೊಡ್ಡದಾಗಿ ನಕ್ಕರು. ಗಾಜಿನ ಲೋಟಗಳು ಕಿಣಿಕಿಣಿ ಎಂದವು. “ಕೊನೇ ಸಾಲಿಗೂ?”

“ಕೊನೇ ಸಾಲಿಗೂ ಸರ್,” ಎಂದ ಡ್ರೈವರ್, ಲೋಟ ತೊಳೆಯಲು ನಲ್ಲಿಯ ಕಡೆ ಹೋದ.